ತಿಂಗಳ ಖರ್ಚಿಗೂ ವರ್ಷದ ಖರ್ಚಿಗೂ ನಡುವೆ

ಕಳೆದ ಮೇ ತಿಂಗಳ ಎರಡನೇ ವಾರ ನಮ್ಮ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದದ್ದು ಹೀಗಿದೆ: ಹಂಚು 200, ರೀಪು, ಮೊಳೆ, ಮಾಡು ಹತ್ತಿದ ಇಬ್ಬರಿಗೆ ಎರಡು ದಿನದ ಕೂಲಿ, ಸೌದೆ ಒಡೆಸಿದ್ದು, ಟಾರ್ಪಾಲು, ಇನ್ವರ್ಟರ್ ಬ್ಯಾಟರಿ, ಉಪ್ಪು 10 ಕೆ.ಜಿ., ಒಣಮೆಣಸು 4 ಕೆ.ಜಿ., ಉಪ್ಪಿನಕಾಯಿಗೆ ಅಪ್ಪೆಮಿಡಿ 500. ಮಾರ್ಚ್, ಏಪ್ರಿಲ್ ಎರಡೂ ತಿಂಗಳ ಖರ್ಚು ಕೂಡಿಸಿದರೂ ಆ ಒಂದು ವಾರದ ಮೊತ್ತಕ್ಕೆ ಬರಲಿಲ್ಲ. ಪುಟ ತಿರುಗಿಸಿದರೆ ಜೂನ್: ಹಾಲು, ಗ್ಯಾಸು, ಅಮ್ಮನ ಮಾತ್ರೆ, ಮಗಳ ಶಾಲೆಯ ವ್ಯಾನು. ಅಷ್ಟೇ. ಅರ್ಧ ಪುಟ ಖಾಲಿ ಉಳಿದಿದೆ.

ಈ ಎರಡು ಪುಟ ನನ್ನ ಕಣ್ಣೆದುರು ಇರುವಾಗಲೇ ಬೆಂಗಳೂರಿನ ಗೆಳೆಯ ಫೋನ್ ಮಾಡಿ ಕೇಳಿದ, ‘ಊರಲ್ಲಿ ತಿಂಗಳಿಗೆ ಎಷ್ಟಾದ್ರೆ ಸಾಕಾಗತ್ತೋ?’ ಅವನಿಗೂ ನಗರ ಬಿಡುವ ಮನಸ್ಸಾಗಿದೆ. ಒಂದು ಅಂಕಿ ಹೇಳು ಎಂದು ಒತ್ತಾಯಿಸಿದ. ನನಗೆ ಹೇಳಲಾಗಲಿಲ್ಲ. ಮುಚ್ಚಿಡುವಂಥದ್ದೇನೂ ಇರಲಿಲ್ಲ, ಆದರೆ ಜೂನ್ ತಿಂಗಳ ಅಂಕಿ ಹೇಳಿದರೆ ಅವನಿಗೆ ಮೋಸ ಮಾಡಿದಂತೆ, ಮೇ ತಿಂಗಳದ್ದು ಹೇಳಿದರೆ ಹೆದರಿಸಿದಂತೆ. ನಗರದಲ್ಲಿ ಸಂಸಾರ ನಡೆಯುವುದು ತಿಂಗಳ ಲೆಕ್ಕದಲ್ಲಿ. ಒಂದನೇ ತಾರೀಖು ಸಂಬಳ, ಐದಕ್ಕೆ ಬಾಡಿಗೆ, ಹತ್ತರೊಳಗೆ ಉಳಿದ ಬಿಲ್ಲು. ಹಳ್ಳಿಯಲ್ಲಿ ಅದು ಮಳೆಗಾಲ, ಕೊಯ್ಲು, ಮದುವೆ ಸೀಸನ್ನು ಎಂದು ಕಾಲಮಾನಕ್ಕೆ ತಕ್ಕಂತೆ ನಡೆಯುತ್ತದೆ. ಖರ್ಚು ಎಷ್ಟು ಎನ್ನುವುದಕ್ಕಿಂತ ಮೊದಲು ಅದು ಯಾವಾಗ ಬರುತ್ತದೆ ಎಂದು ತಿಳಿಯಬೇಕು.

ನಾವು ಬೆಂಗಳೂರು ಬಿಟ್ಟು ತೀರ್ಥಹಳ್ಳಿ ತಾಲ್ಲೂಕಿನ ನಮ್ಮೂರಿಗೆ ಬಂದದ್ದು 2024ರ ಬೇಸಿಗೆ ಮುಗಿಯುವ ಹೊತ್ತಿಗೆ. ಆ ಬೇಸಿಗೆಯನ್ನು ಬೆಂಗಳೂರಿನವರು ಮರೆತಿರಲಾರರು. ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ನೀರಿನ ಬೆಲೆ ಬಾಯಿಗೆ ಬಂದಷ್ಟಾಗಿ, ಕೊನೆಗೆ ಜಿಲ್ಲಾಡಳಿತವೇ 6,000 ಲೀಟರಿನ ಟ್ಯಾಂಕರಿಗೆ 5 ಕಿ.ಮೀ. ಒಳಗಾದರೆ 600 ರೂಪಾಯಿ, 12,000 ಲೀಟರಿಗೆ ಸಾವಿರ ಎಂದು ದರ ಕಟ್ಟಬೇಕಾಯಿತು. ಊರಿನಲ್ಲಿ ನಮ್ಮ ಮನೆಗೆ ಗುಡ್ಡದ ಅಬ್ಬಿ ನೀರು ಪೈಪಿನಲ್ಲಿ ತಾನಾಗಿಯೇ ಇಳಿದು ಬರುತ್ತದೆ. ನೀರಿಗೆ ದುಡ್ಡಿಲ್ಲ. ಆದರೆ ಮಳೆಗಾಲದಲ್ಲಿ ಎಲೆ, ಕೆಸರು ತುಂಬಿ ಪೈಪು ಕಟ್ಟಿಕೊಂಡಾಗ ಛತ್ರಿ ಹಿಡಿದು, ಕಾಲಿಗೆ ಹತ್ತುವ ಉಂಬಳ ಕಿತ್ತೆಸೆಯುತ್ತ ಗುಡ್ಡ ಹತ್ತಬೇಕು. ಆ ಅರ್ಧ ದಿನ ಯಾವ ಬಿಲ್ಲಿನಲ್ಲೂ ಬರೆದಿರುವುದಿಲ್ಲ.

ಸರ್ಕಾರದ ಅಂಕಿಗಳು ಹಳ್ಳಿ ಅಗ್ಗ ಎಂದೇ ಹೇಳುತ್ತವೆ. 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹಳ್ಳಿಗಳಲ್ಲಿ ಒಬ್ಬರ ತಿಂಗಳ ಸರಾಸರಿ ಖರ್ಚು 4,903 ರೂಪಾಯಿ, ನಗರಗಳಲ್ಲಿ 8,076. ನಾಲ್ಕು ಜನರ ಮನೆಗೆ ಗುಣಿಸಿದರೆ ತಿಂಗಳಿಗೆ ಹನ್ನೆರಡು ಸಾವಿರಕ್ಕೂ ಮೀರಿದ ಉಳಿತಾಯ ಕಾಣುತ್ತದೆ. ಈ ಲೆಕ್ಕ ಹಾಕಿಕೊಂಡೇ ಎಷ್ಟೋ ಜನ ಗಂಟುಮೂಟೆ ಕಟ್ಟುತ್ತಾರೆ. ಆದರೆ ಈ ಎರಡು ಅಂಕಿ ಒಬ್ಬನೇ ಮನುಷ್ಯ ಎರಡು ಕಡೆ ಬದುಕಿದ ಲೆಕ್ಕವಲ್ಲ. ಹಳ್ಳಿಯಲ್ಲೇ ಹುಟ್ಟಿ ಬೆಳೆದ, ಇದ್ದುದರಲ್ಲಿ ಸುಧಾರಿಸಿಕೊಳ್ಳುವ ಮನೆಗಳ ಲೆಕ್ಕ ಒಂದು, ನಗರದ ಮನೆಗಳದು ಇನ್ನೊಂದು. ನಗರದಲ್ಲಿ ಇಪ್ಪತ್ತು ವರ್ಷ ಇದ್ದು ಬಂದವನ ಜೊತೆ ಅವನ ವೈಫೈ, ಕಾರು, ಕಾಫಿಪುಡಿಯ ಬ್ರ್ಯಾಂಡು, ಮಗಳ ಇಂಗ್ಲಿಷ್ ಶಾಲೆ ಎಲ್ಲವೂ ಲಾರಿಯಲ್ಲಿ ಬರುತ್ತವೆ. ಊರಿಗೆ ಬಂದ ಮರುದಿನವೇ ಅವನು ಸರಾಸರಿ ಹಳ್ಳಿಗನಾಗುವುದಿಲ್ಲ.

ನಿಜವಾಗಿ ಇಳಿಯುವ ಖರ್ಚು ಬಾಡಿಗೆ. ಬೆಂಗಳೂರಿನಲ್ಲಿ ನಮ್ಮ ಎರಡು ಕೋಣೆಯ ಮನೆಗೆ 24 ಸಾವಿರ, ಮೇಲೆ ಮೇಂಟೆನೆನ್ಸ್ 3 ಸಾವಿರ. ಸಂಬಳದ ದೊಡ್ಡ ತುಂಡನ್ನು ತಿಂಗಳಿಗೊಮ್ಮೆ ಕಿತ್ತುಕೊಂಡು ಹೋಗುತ್ತಿದ್ದ ಆ ಎರಡು ಸಾಲು ಈಗ ನಮ್ಮ ಪುಸ್ತಕದಲ್ಲಿಲ್ಲ. 2012ನ್ನು ಆಧಾರ ವರ್ಷವಾಗಿಟ್ಟುಕೊಂಡು ದೇಶದ ಬೆಲೆ ಏರಿಕೆಯನ್ನು ಅಳೆಯುತ್ತಿದ್ದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ವಸತಿಗೆ ನಗರದಲ್ಲಿ ನೂರಕ್ಕೆ 21.67ರ ತೂಕವಿತ್ತು. ಗ್ರಾಮೀಣ ಸೂಚ್ಯಂಕದಲ್ಲಿ ವಸತಿ ಎಂಬ ಬಾಬ್ತೇ ಇರಲಿಲ್ಲ. ಹಳ್ಳಿಯವರು ಸ್ವಂತ ಮನೆಯಲ್ಲೇ ಇರುತ್ತಾರೆ, ಬಾಡಿಗೆ ಕಟ್ಟುವುದಿಲ್ಲ ಎಂಬುದು ಅದರ ಹಿಂದಿನ ಎಣಿಕೆ. ಎಣಿಕೆ ಬಹುಮಟ್ಟಿಗೆ ಸರಿ. ಆದರೆ ಬಾಡಿಗೆ ಇಲ್ಲವೆಂದರೆ ಮನೆ ಪುಕ್ಕಟೆ ಎಂದಲ್ಲ.

ನಮ್ಮದು ಅಜ್ಜನ ಕಾಲದ ಹಂಚಿನ ಮನೆ. ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಹುಟ್ಟಿದ ಈ ಹಂಚು ಘಟ್ಟ ಹತ್ತಿ ಬಂದು ಮಲೆನಾಡಿನ ಸೋಗೆ ಮಾಡುಗಳನ್ನು ಬದಲಾಯಿಸಿತು. ಅದರ ಶತ್ರು ಮಳೆಯಲ್ಲ, ಮಂಗ. ಬೇಸಿಗೆಯಲ್ಲಿ ಹಲಸು ಹಣ್ಣಾಗುವಾಗ ಮಂಗಗಳ ಹಿಂಡು ಮರದಿಂದ ಮಾಡಿಗೆ ಹಾರುತ್ತದೆ. ಒಂದು ಹಂಚು ಒಡೆಯುತ್ತದೆ, ಹತ್ತು ಜರುಗುತ್ತವೆ. ಜರುಗಿದ ಹಂಚು ಮಳೆ ಹಿಡಿಯುವವರೆಗೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಅಟ್ಟದ ಮೇಲಿನ ಅಕ್ಕಿ ಮೂಟೆ ನೆನೆದಿರುತ್ತದೆ, ಪಕಾಸಿಯೊಳಗೆ ನೀರು ಇಳಿದಿರುತ್ತದೆ. ಮೊದಲ ವರ್ಷ ನಮಗೆ ಆದದ್ದು ಅದೇ. ಒಂದು ಪಕಾಸಿ ಬದಲಿಸಲು ಬಡಗಿ, ಮರ, ಕೂಲಿ ಎಲ್ಲ ಸೇರಿ ಬೆಂಗಳೂರಿನ ಒಂದು ತಿಂಗಳ ಬಾಡಿಗೆ ಮುಗಿಯಿತು.

ಎರಡನೇ ವರ್ಷ ಅಮ್ಮ ಬಿಡಲಿಲ್ಲ. ಮೇ ತಿಂಗಳಲ್ಲೇ ಮಾಡು ಹತ್ತುವವರನ್ನು ಕರೆಸಿದಳು. ಅವರು ಏಣಿ ಹಾಕಿ ಮೇಲೆ ಹೋಗಿ, ಹಂಚನ್ನು ಒಂದೊಂದಾಗಿ ಎತ್ತಿ, ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದರು. ಗಟ್ಟಿ ಹಂಚು ಕಂಚಿನಂತೆ ಕಣ್ ಎನ್ನುತ್ತದೆ. ಕೂದಲೆಳೆಯಷ್ಟು ಬಿರುಕು ಬಿಟ್ಟದ್ದು ಮಡಕೆ ಚೂರಿನಂತೆ ಮಂಕಾಗಿ ಸದ್ದು ಮಾಡುತ್ತದೆ. ಬಿರುಕಿನದನ್ನು ಕೆಳಗೆ ಕೊಟ್ಟರು, ಗಟ್ಟಿಯಾದದ್ದನ್ನು ಪಾಚಿ ಉಜ್ಜಿ ಮತ್ತೆ ಕೂರಿಸಿದರು. ಅಂಗಳದಿಂದ ಏಣಿಯವರೆಗೆ ನಾನು, ನನ್ನ ಹೆಂಡತಿ, ಪಕ್ಕದ ಮನೆಯ ಇಬ್ಬರು ಸಾಲಾಗಿ ನಿಂತು ಹೊಸ ಹಂಚನ್ನು ಕೈಯಿಂದ ಕೈಗೆ ದಾಟಿಸಿದೆವು. ಹೊಸ ಹಂಚು ಎಂದೆ, ಅದೂ ಹಳೆಯದೇ. ಅಂಗಡಿಯ ಹಂಚು ನಮ್ಮ ಮಾಡಿನ ಹಳೆಯ ಅಚ್ಚಿಗೆ ಸರಿಯಾಗಿ ಕೂರುವುದಿಲ್ಲ, ಸಂದು ಬಿಡುತ್ತದೆ. ಹಾಗಾಗಿ ಯಾರಾದರೂ ಹಳೆ ಮನೆ ಕೆಡವಿ ಆರ್‌ಸಿಸಿ ಕಟ್ಟುತ್ತಿದ್ದಾರೆಂದು ಸುದ್ದಿ ಸಿಕ್ಕರೆ ಅಲ್ಲಿಗೆ ಹೋಗಿ ಹಂಚು ತರಬೇಕು. ಅದು ಸಿಕ್ಕಾಗಲೇ ಕೊಳ್ಳಬೇಕು, ಕೈಯಲ್ಲಿ ದುಡ್ಡಿರುವಾಗಲ್ಲ.

ಇದನ್ನು ಇಷ್ಟು ಉದ್ದ ಹೇಳಲು ಕಾರಣವಿದೆ. ನಗರದ ಬಾಡಿಗೆಯಲ್ಲಿ ಮನೆಯ ರಿಪೇರಿಯೂ ಸೇರಿರುತ್ತದೆ. ಓನರ್ ಮಾಡಿಸುತ್ತಾರೆ, ಅಥವಾ ಮಾಡಿಸಬೇಕೆಂದು ನಾವು ಜಗಳವಾಡುತ್ತೇವೆ. ಊರಿನ ಮನೆಯಲ್ಲಿ ಓನರೂ ನಾವೇ, ಜಗಳವಾಡಬೇಕಾದವರೂ ನಾವೇ. ವರ್ಷಕ್ಕೆ ಎರಡು ತಿಂಗಳ ಬಾಡಿಗೆಯಷ್ಟಾದರೂ ಮನೆಗೆಂದು ತೆಗೆದಿಡದೆ ಹಳೆಯ ಮನೆಯಲ್ಲಿ ಇರಲು ಹೋಗಬೇಡ ಎಂದು ನಾನು ಗೆಳೆಯನಿಗೆ ಖಂಡಿತವಾಗಿ ಹೇಳಿದ್ದೇನೆ. ಹಿರಿಯರ ಮನೆ ಇಲ್ಲದವರ ಮಾತು ಬೇರೆ. ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆದರೆ ಜಮೀನು ಕೊಂಡು, ರಸ್ತೆ, ಕರೆಂಟು, ನೀರು ಎಳೆಸಿ ಮನೆ ಕಟ್ಟುವುದು ಉಳಿತಾಯದ ಬಾಬ್ತಿಗೆ ಸೇರುವಂಥದ್ದೇ ಅಲ್ಲ.

ಬಾಡಿಗೆಯಲ್ಲಿ ಉಳಿದದ್ದನ್ನು ಮೊದಲು ಕೇಳುವುದು ದಾರಿ. ಪೇಟೆ ನಮಗೆ 18 ಕಿಲೋಮೀಟರ್. ಹೋಗಿಬರಲು 36. ಲೀಟರಿಗೆ 45 ಕೊಡುವ ಬೈಕಾದರೆ ಎಂಬತ್ತು ರೂಪಾಯಿಯ ಮೇಲೆ ಪೆಟ್ರೋಲು, 15 ಕೊಡುವ ಕಾರಾದರೆ ಇನ್ನೂರೈವತ್ತರ ಹತ್ತಿರ. ಬೆಂಗಳೂರಿನಲ್ಲಿ ಕೊತ್ತಂಬರಿ ಸೊಪ್ಪು ಮರೆತರೆ ಚಪ್ಪಲಿ ಮೆಟ್ಟಿಕೊಂಡು ಬೀದಿ ತುದಿಗೆ ಹೋದರಾಯಿತು. ಇಲ್ಲಿ ಮರೆವಿಗೆ ಬೆಲೆಯಿದೆ. ಮೊದಲ ಮೂರು ತಿಂಗಳು ನಮ್ಮ ಪೆಟ್ರೋಲಿನ ಖರ್ಚು ಬೆಂಗಳೂರಿಗಿಂತ ಹೆಚ್ಚಾಗಿತ್ತು, ಬರೀ ಮರೆವಿನಿಂದ. ಆಮೇಲೆ ಅಡುಗೆಮನೆ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆವು. ಬೇಕಾದದ್ದನ್ನು ನೆನಪಾದಾಗ ಅದರಲ್ಲಿ ಬರೆಯುವುದು, ವಾರಕ್ಕೊಮ್ಮೆ ಸಂತೆಯ ದಿನ ಮಾತ್ರ ಪೇಟೆಗೆ ಹೋಗುವುದು.

ಬಸ್ಸಿಲ್ಲವೇ ಎಂದು ಕೇಳಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ಮಲೆನಾಡಿನ ಒಳದಾರಿಗಳಲ್ಲಿ ಇವತ್ತಿಗೂ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಕೊಪ್ಪದ ಸಹಕಾರ ಸಾರಿಗೆ ಈ ಭಾಗದ ಎಷ್ಟೋ ಹಳ್ಳಿಗಳಿಗೆ ಜೀವನಾಡಿಯಾಗಿತ್ತು. 2020ರಲ್ಲಿ ಅದೂ ನಿಂತುಹೋಯಿತು. ಹೀಗಾಗಿ ನಗರದ ಗೆಳತಿ ಮೆಜೆಸ್ಟಿಕ್‌ನಿಂದ ಶಿವಮೊಗ್ಗದವರೆಗೆ ಟಿಕೆಟ್ಟಿಗೆ ದುಡ್ಡು ಕೊಡದೆ ಬರಬಹುದು, ನಮ್ಮೂರಿನ ಹೆಂಗಸು ತೀರ್ಥಹಳ್ಳಿಗೆ ಹೋಗಲು ಕೈಯಿಂದ ದುಡ್ಡು ಕೊಡುತ್ತಾಳೆ.

ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲೂ ಇಂಥದೊಂದು ಗಂಟಿದೆ, ಊರಿಗೆ ಮರಳುವವರು ತಿಳಿದಿರಬೇಕು. 200 ಯೂನಿಟ್ ಉಚಿತ ಎಂಬುದು ಮೇಲಿನ ಮಿತಿ. ನಿಮಗೆ ಸಿಗುವುದು ಆ ಮೀಟರಿನಲ್ಲಿ 2022-23ರಲ್ಲಿ ಬಳಕೆಯಾದ ಸರಾಸರಿಯ ಮೇಲೆ ಇನ್ನಷ್ಟು ಸೇರಿಸಿದ ಯೂನಿಟ್ ಮಾತ್ರ. ನಮ್ಮ ಮನೆಯ ಮೀಟರು ಆ ವರ್ಷ ನೋಡಿದ್ದು ಅಮ್ಮ ಒಬ್ಬಳ ಬಳಕೆಯನ್ನು: ಎರಡು ಬಲ್ಬು, ಒಂದು ಮಿಕ್ಸಿ, ಸಂಜೆಯ ಟಿ.ವಿ. ಈಗ ನಾಲ್ಕು ಜನ, ಫ್ರಿಜ್ಜು, ಎರಡು ಕಂಪ್ಯೂಟರು. ಹೆಚ್ಚಿನ ಯೂನಿಟ್ಟಿಗೆ ನಾವು ದುಡ್ಡು ಕಟ್ಟುತ್ತೇವೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ನಮಗೆ ಬರುತ್ತಿದ್ದುದು ಸೊನ್ನೆ ಬಿಲ್ಲು. ಇಲ್ಲಿ ಬಿಲ್ಲಿಗಿಂತ ದೊಡ್ಡ ಖರ್ಚು ಕರೆಂಟು ಹೋದಾಗಿನದು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ನಮ್ಮದು ಅದರ ನೆರೆಯ ಊರು. ಆಷಾಢದ ಗಾಳಿಗೆ ಮರ ಬಿದ್ದು ತಂತಿ ಹರಿದರೆ ಎರಡು ದಿನ ಕತ್ತಲೆ ಸಾಮಾನ್ಯ. ಲೈನ್‌ಮ್ಯಾನ್ ಆ ಮಳೆಯಲ್ಲಿ ಕಂಬ ಹತ್ತುವುದನ್ನು ನೋಡಿದವರು ಅವನ ಮೇಲೆ ಸಿಟ್ಟಾಗಲಾರರು. ನಾನು ಮಾಡುವುದು ಕಂಪ್ಯೂಟರಿನ ಮುಂದಿನ ಕೆಲಸ. ಹಾಗಾಗಿ ಇನ್ವರ್ಟರು, ಅದಕ್ಕೆ ನಾಲ್ಕೈದು ವರ್ಷಕ್ಕೊಮ್ಮೆ ಹೊಸ ಬ್ಯಾಟರಿ, ಫೈಬರ್ ಕೈಕೊಟ್ಟಾಗ ಬೇಕೆಂದು ಎರಡು ಕಂಪನಿಯ ಸಿಮ್ಮು. ಆಫೀಸಿನ ಜನರೇಟರು, ಆಫೀಸಿನ ಇಂಟರ್‌ನೆಟ್ಟು ನಮ್ಮ ಸಂಬಳದ ಜೊತೆಗೆ ಸಿಗುತ್ತಿದ್ದ ಸೌಲಭ್ಯಗಳೆಂದು ನನಗೆ ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ.

ಊಟದ ವಿಷಯಕ್ಕೆ ಬಂದರೆ ಎಲ್ಲರೂ ನಂಬಿರುವುದು, ಹಳ್ಳಿಯಲ್ಲಿ ತರಕಾರಿ ಅಗ್ಗ ಎಂದು. ಕೋಲಾರದ ಹಳ್ಳಿಯಲ್ಲಿ ಇರಬಹುದು. ಮಳೆಗಾಲದ ಮಲೆನಾಡಿನಲ್ಲಿ ಟೊಮೆಟೊ, ಬೀನ್ಸು, ಕ್ಯಾರೆಟ್ಟು ಬಯಲುಸೀಮೆಯಿಂದ ಲಾರಿಯಲ್ಲಿ ಬರಬೇಕು. ಬೆಂಗಳೂರಿನ ತಳ್ಳುಗಾಡಿಗಿಂತ ಇಲ್ಲಿನ ಸಂತೆಯಲ್ಲಿ ಬೆಲೆ ಹೆಚ್ಚಿರುವ ದಿನಗಳು ಎಷ್ಟೋ. ಅಗ್ಗವಾಗುವುದು ಇಲ್ಲಿನದನ್ನು ಇಲ್ಲಿನ ಕಾಲಕ್ಕೆ ತಿಂದರೆ. ನಮ್ಮ ಜಗುಲಿಯ ತೊಲೆಗೆ ಅಮ್ಮ ಬಾಳೆನಾರಿನಲ್ಲಿ ಕಟ್ಟಿ ನೇತುಹಾಕಿದ ಸೌತೆಕಾಯಿಗಳು ಬೇಸಿಗೆಯಿಂದ ಶ್ರಾವಣದವರೆಗೂ ಕೆಡದೆ ಇರುತ್ತವೆ. ಹಲಸಿನ ಬೀಜ ಮಣ್ಣು ಮೆತ್ತಿಕೊಂಡು ಮೂಲೆಯಲ್ಲಿ ಕೂತಿರುತ್ತದೆ. ಆಷಾಢಕ್ಕೆ ಕೆಸು, ಕಳಲೆ. ಬಂದ ಹೊಸದರಲ್ಲಿ ಮಗಳು ದಿನವೂ ಸೌತೆಕಾಯಿ ಹುಳಿಯೇ ಎಂದು ತಟ್ಟೆ ಸರಿಸುತ್ತಿದ್ದಳು. ಅವಳ ನಾಲಿಗೆ ಈ ಊರಿಗೆ ಒಗ್ಗಲು ಒಂದು ವರ್ಷ ಹಿಡಿಯಿತು. ನಮ್ಮ ತರಕಾರಿಯ ಖರ್ಚು ಇಳಿದದ್ದೂ ಆಗಲೇ. ಹಾಲು ಪಕ್ಕದ ಮನೆಯದು. 2025ರ ಏಪ್ರಿಲ್ 1ರಂದು ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದಾಗ ಅವರೂ ಏರಿಸಿದರು, ಏರಿಸಬೇಕಾದದ್ದೇ. ಹಿಂಡಿಯ ಬೆಲೆ ಅವರಿಗೇನೂ ಕಡಿಮೆಯಾಗಿಲ್ಲ. ಮನೆಬಾಗಿಲಿಗೆ ಬರುವ ಬಿರಿಯಾನಿ, ವಾರಾಂತ್ಯದ ಹೋಟೆಲು, ಮಾಲಿನ ಸಿನಿಮಾ ಹೇಳದೇ ಕೇಳದೇ ಲೆಕ್ಕದಿಂದ ಬಿದ್ದುಹೋದವು.

ಆಸ್ಪತ್ರೆಯ ಮಾತು ಕಷ್ಟದ್ದು. ಅದೇ ಹಳೆಯ ಬೆಲೆ ಸೂಚ್ಯಂಕದಲ್ಲಿ ಆರೋಗ್ಯಕ್ಕೆ ನಗರದ ತೂಕ 4.81, ಹಳ್ಳಿಯದು 6.83. ಹಳ್ಳಿಯ ಮನೆ ತನ್ನ ಖರ್ಚಿನಲ್ಲಿ ನಗರದ ಮನೆಗಿಂತ ದೊಡ್ಡ ಪಾಲನ್ನು ಕಾಯಿಲೆಗೆ ಕೊಡುತ್ತದೆ. ಅಮ್ಮನ ಕಣ್ಣಿನ ಪರೀಕ್ಷೆಗೆ ಶಿವಮೊಗ್ಗಕ್ಕೆ ಹೋದ ದಿನದ ಚೀಟಿ ನನ್ನಲ್ಲಿದೆ. ಡಾಕ್ಟರ ಫೀಸು ಒಟ್ಟು ಖರ್ಚಿನ ಐದನೇ ಒಂದು ಪಾಲೂ ಇರಲಿಲ್ಲ. ಉಳಿದದ್ದು ಕಾರಿನ ಬಾಡಿಗೆ, ಊಟ, ಸಂಜೆಯವರೆಗೆ ಕಾಯುವಾಗಿನ ಕಾಫಿ, ನನ್ನ ಒಂದು ದಿನದ ರಜೆ. ದೊಡ್ಡ ಕಾಯಿಲೆಯಾದರೆ ಮಣಿಪಾಲಕ್ಕೆ ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿಯಬೇಕು. ನಾನು ಎಲ್ಲರಿಗೂ ಹೇಳುವುದು, ಊರಿಗೆ ಬಂದ ಮೊದಲ ವಾರವೇ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರನ್ನು, ಆಶಾ ಕಾರ್ಯಕರ್ತೆಯನ್ನು ಪರಿಚಯ ಮಾಡಿಕೊಳ್ಳಿ, ಸಹಕಾರ ಸಂಘದ ಸದಸ್ಯರಾಗಿ. ಸಹಕಾರ ಸಂಘಗಳ ಸದಸ್ಯರಿಗೆಂದೇ ಇರುವ ಯಶಸ್ವಿನಿ ಆರೋಗ್ಯ ಯೋಜನೆ 2022-23ರಲ್ಲಿ ಮತ್ತೆ ಶುರುವಾದಾಗ ಗ್ರಾಮೀಣ ಸಂಘದ ನಾಲ್ಕು ಜನರ ಕುಟುಂಬ 500 ರೂಪಾಯಿ ಕಟ್ಟಿ 5 ಲಕ್ಷದವರೆಗಿನ ಚಿಕಿತ್ಸೆಗೆ ಹೆಸರು ಬರೆಸಬಹುದಿತ್ತು, ನಗರದವರಿಗೆ ಅದೇ ಸಾವಿರ. ಆಫೀಸಿನ ವಿಮೆ ಕಳೆದುಕೊಂಡು ಬರುವವರಿಗೆ ಇದು ಸಣ್ಣ ವಿಷಯವಲ್ಲ.

ನನ್ನ ಲೆಕ್ಕದ ದೊಡ್ಡ ತಪ್ಪನ್ನು ತೋರಿಸಿಕೊಟ್ಟವಳು ನನ್ನ ಹೆಂಡತಿ. ಬೆಂಗಳೂರಿನಲ್ಲಿ ಪಾತ್ರೆ, ನೆಲಕ್ಕೆ ಒಬ್ಬರು ಬರುತ್ತಿದ್ದರು, ತಿಂಗಳಿಗೆ 4 ಸಾವಿರ ಕೊಡುತ್ತಿದ್ದೆವು. ಊರಿನಲ್ಲಿ ಆ ಸಾಲಿನ ಎದುರು ಸೊನ್ನೆ ಬರೆದು ನಾನು ಉಳಿತಾಯಕ್ಕೆ ಸೇರಿಸಿದ್ದೆ. ಅವಳು ಒಂದು ಸಂಜೆ ಪುಸ್ತಕ ತೆಗೆದುಕೊಂಡು, ಮೊತ್ತದ ಪಕ್ಕ ಇನ್ನೊಂದು ಗೆರೆ ಎಳೆದು, ಮೇಲೆ ‘ಯಾರು ಮಾಡಿದ್ದು’ ಎಂದು ಬರೆದಳು. ಆ ವಾರ ಆ ಗೆರೆಯುದ್ದಕ್ಕೂ ತುಂಬಿದ್ದು ಅವಳ ಹೆಸರು, ಅಮ್ಮನ ಹೆಸರು. ಬಚ್ಚಲೊಲೆಗೆ ಬೆಂಕಿ, ಅಂಗಳ ಗುಡಿಸುವುದು, ಮಳೆಯಲ್ಲಿ ಒಣಗದ ಬಟ್ಟೆಯನ್ನು ಒಲೆಯ ಮೇಲಿನ ಹಗ್ಗಕ್ಕೆ ಹರವುವುದು, ಸಂಡಿಗೆ, ಹಪ್ಪಳ, ಉಪ್ಪಿನಕಾಯಿ, ಬಂದವರಿಗೆ ಕಾಫಿ. 2024ರ ಸಮಯ ಬಳಕೆ ಸಮೀಕ್ಷೆ ಹೇಳುವಂತೆ ಸಂಬಳವಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವವರಲ್ಲಿ, ಈ ದೇಶದ ಹೆಂಗಸು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾಳೆ, ಗಂಡಸು 88 ನಿಮಿಷ. ಹಳ್ಳಿಯ ಅಗ್ಗದ ಬದುಕು ಎಂದು ನಾವು ಹೊಗಳುವುದರಲ್ಲಿ ಎಷ್ಟೋ ಪಾಲು ಈ ನಿಮಿಷಗಳಿಂದ ಬಂದದ್ದು. ಊರಿಗೆ ಹೋಗೋಣ ಎಂಬ ನಿರ್ಧಾರವನ್ನು ಗಂಡಸರು ಹೆಚ್ಚು ಉತ್ಸಾಹದಿಂದ ಮಾಡುತ್ತಾರೆ ಎಂಬುದನ್ನು ನಾನು ನೋಡಿದ್ದೇನೆ. ಈಗ ಬಚ್ಚಲೊಲೆ, ಅಂಗಳ, ಬಟ್ಟೆ ನನ್ನ ಪಾಲಿಗೆ ಬಂದಿವೆ. ವಾರಕ್ಕೆರಡು ದಿನ ಕೆಲಸಕ್ಕೆ ಬರುವವರಿಗೆ ಸರಿಯಾದ ಕೂಲಿಯನ್ನೂ ಕೊಡುತ್ತೇವೆ. ಉಳಿತಾಯ ಅಷ್ಟು ಕಡಿಮೆಯಾಯಿತು, ಆಗಬೇಕಾದದ್ದೇ.

ನಗರದ ಪುಸ್ತಕದಲ್ಲಿ ಇಲ್ಲದಿದ್ದ ಇನ್ನೊಂದು ಬಾಬ್ತು ಮುಯ್ಯಿ. ಬೆಂಗಳೂರಿನಲ್ಲಿ ವರ್ಷಕ್ಕೆ ನಾಲ್ಕೈದು ಮದುವೆ. ಇಲ್ಲಿ ಕಳೆದ ಏಪ್ರಿಲ್, ಮೇ ಎರಡೇ ತಿಂಗಳಲ್ಲಿ ಹದಿನೇಳು ಕರೆಯ ಮನೆ. ಜೊತೆಗೆ ದೇವಸ್ಥಾನದ ವಂತಿಗೆ, ಶಾಲೆಯ ವಾರ್ಷಿಕೋತ್ಸವ, ಯುವಕ ಸಂಘದ ಗಣಪತಿ. ಮೊದಮೊದಲು ಇದು ನನಗೆ ಭಾರ ಎನಿಸಿತ್ತು. ಆದರೆ ಹಂಚು ದಾಟಿಸಲು ಬಂದ ಪಕ್ಕದ ಮನೆಯವರಿಗೆ ಕೂಲಿ ಕೊಡಹೋದಾಗ ಅವರು ಕೈ ಹಿಂದೆಳೆದುಕೊಂಡರು. ‘ನಮ್ದು ಮುಯ್ಯಾಳು ಮಾರಾಯ್ರೆ, ಅಡಿಕೆ ಸುಲಿಯೋಕೆ ನೀವು ಬರ್ಬೇಕಲ್ಲ’ ಎಂದರು. ಹೋದೆವು, ಎರಡು ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತೆವು. ಅಮ್ಮನಿಗೆ ಜ್ವರ ಏರಿ ನಾನು ಊರಲ್ಲಿಲ್ಲದ ರಾತ್ರಿ ಜೀಪು ತೆಗೆದವರೂ ಅವರೇ. ಡೀಸೆಲ್ಲಿಗೆ ದುಡ್ಡು ತೆಗೆದುಕೊಂಡರು, ಬಾಡಿಗೆ ತೆಗೆದುಕೊಳ್ಳಲಿಲ್ಲ. ಮುಯ್ಯಿಯ ಸಾಲನ್ನು ನಾನೀಗ ವಿಮೆಯ ಸಾಲಿನ ಪಕ್ಕ ಬರೆಯುತ್ತೇನೆ.

ಮಗಳು ಈಗ ಎಂಟನೇ ತರಗತಿ. ಇನ್ನೆರಡು ವರ್ಷ ಕಳೆದರೆ ಪಿಯುಸಿ. ನಮ್ಮೂರಿನ ಮಕ್ಕಳು ಹೆಚ್ಚಾಗಿ ಹೋಗುವಂತೆ ಅವಳೂ ಶಿವಮೊಗ್ಗಕ್ಕೋ ಮಂಗಳೂರಿನ ಕಡೆಗೋ ಹೋದರೆ ಹಾಸ್ಟೆಲ್ ಫೀಸು ಶುರುವಾಗುತ್ತದೆ. ನಾವು ನಗರಕ್ಕೆ ಬಾಡಿಗೆ ಕಟ್ಟುವುದನ್ನು ನಿಲ್ಲಿಸಿ ಆಗ ನಾಲ್ಕು ವರ್ಷವೂ ಪೂರ್ತಿ ಆಗಿರುವುದಿಲ್ಲ. ಈಗ ಉಳಿಯುವ ದುಡ್ಡನ್ನು ಉಳಿದದ್ದೆಂದು ಭಾವಿಸದೆ ಅದಕ್ಕೆಂದು ಬೇರೆ ಖಾತೆಯಲ್ಲಿ ಹಾಕುತ್ತಿದ್ದೇವೆ.

ಗೆಳೆಯನಿಗೆ ಕೊನೆಗೆ ಒಂದು ಅಂಕಿ ಕೊಟ್ಟೆ, ವರ್ಷದ್ದು. ಹನ್ನೆರಡು ತಿಂಗಳ ಪುಟಗಳನ್ನೆಲ್ಲ ಕೂಡಿಸಿದರೆ ಬೆಂಗಳೂರಿನಲ್ಲಿ ಆಗುತ್ತಿದ್ದ ಖರ್ಚಿನ ಮೂರನೇ ಎರಡು ಪಾಲಿಗೆ ತುಸು ಹೆಚ್ಚು. ಹನ್ನೆರಡರಿಂದ ಭಾಗಿಸಬೇಡ ಎಂದೂ ಹೇಳಿದೆ. ಅವನು ಒಮ್ಮೆ ಬಂದು ಇದ್ದು ನೋಡುತ್ತೇನೆ, ದಸರಾ ರಜೆಗೆ ಬರಲೇ ಎಂದ. ದಸರೆಗೆ ಮಳೆ ಹಿಂದೆ ಸರಿದಿರುತ್ತದೆ, ಗದ್ದೆ ಹಸಿರಾಗಿರುತ್ತದೆ, ಅಬ್ಬಿ ತುಂಬಿರುತ್ತದೆ. ಆಗ ಬೇಡ, ಮೇ ಎರಡನೇ ವಾರ ಬಾ ಎಂದಿದ್ದೇನೆ. ಹಂಚು ದಾಟಿಸುವ ಸಾಲಿನಲ್ಲಿ ಏಣಿಯ ಬುಡಕ್ಕೆ ಒಬ್ಬರು ಕಡಿಮೆ ಇದ್ದಾರೆ.